ಶ್ರಮ ಹೋದರೆ ಹೋಗಲಿ, ಆಯ್ಕೆಯೂ ಹೋದರೆ?

2022ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮೇಳದಲ್ಲಿ ಡಿಜಿಟಲ್ ಕಲೆಯ ಮೊದಲ ಬಹುಮಾನ ಜೇಸನ್ ಅಲೆನ್ ಎಂಬುವರಿಗೆ ಬಂತು. ಬಹುಮಾನದ ಹಣ ಬರೀ 300 ಡಾಲರ್. ಆದರೆ ಗೆದ್ದ ಚಿತ್ರವನ್ನು ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ಪಡೆದದ್ದು ಎಂಬ ಸುದ್ದಿ ಹಬ್ಬಿದಾಗ ಎದ್ದ ಗುಲ್ಲು ಆ ರಾಜ್ಯದ ಗಡಿಯೊಳಗೆ ನಿಲ್ಲಲಿಲ್ಲ. ಅಲೆನ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಸ್ಪರ್ಧೆಗೆ ಕೊಡುವಾಗಲೇ ತಮ್ಮ ಹೆಸರಿನ ಜೊತೆ ಮಿಡ್‌ಜರ್ನಿಯ ಹೆಸರನ್ನೂ ನಮೂದಿಸಿದ್ದರು. ಮುಂದೆ ಅವರು ಆ ಚಿತ್ರಕ್ಕೆ ಕೃತಿಸ್ವಾಮ್ಯ ಕೋರಿದಾಗ ಅಸಲಿ ಪ್ರಶ್ನೆ ಎದುರಾಯಿತು. ಕನಿಷ್ಠ 624 ಬಾರಿ ಸೂಚನೆ ಬರೆದು, ತಿದ್ದಿ, ಮತ್ತೆ ಬರೆದು ಈ ಚಿತ್ರಕ್ಕೆ ಬಂದು ಮುಟ್ಟಿದ್ದೇನೆ ಎಂಬುದು ಅವರ ವಾದ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ ಅದನ್ನು ಒಪ್ಪಲಿಲ್ಲ. ಯಂತ್ರ ರಚಿಸಿದ ಭಾಗದ ಮೇಲಿನ ಹಕ್ಕನ್ನು ಬಿಟ್ಟುಕೊಡಿ ಎಂದು ಕೇಳಿತು. ಅಲೆನ್ ಬಿಡಲಿಲ್ಲ, ಅರ್ಜಿ ತಿರಸ್ಕೃತವಾಯಿತು.

624 ಬಾರಿ ಬರೆದದ್ದು ಶ್ರಮವಲ್ಲವೇ? ಖಂಡಿತ ಶ್ರಮವೇ. ಆದರೆ ಇದೇ ದೇಶದ ಸುಪ್ರೀಂ ಕೋರ್ಟ್ 1884ರಲ್ಲಿ ಇಂಥದೇ ತಕರಾರನ್ನು ಬಗೆಹರಿಸಿದಾಗ ಶ್ರಮವನ್ನು ಅಳೆಯಲು ಹೋಗಿರಲಿಲ್ಲ. ನ್ಯೂಯಾರ್ಕಿನ ಛಾಯಾಗ್ರಾಹಕ ನೆಪೋಲಿಯನ್ ಸರೋನಿ ತೆಗೆದ ಲೇಖಕ ಆಸ್ಕರ್ ವೈಲ್ಡ್‌ನ ಭಾವಚಿತ್ರವನ್ನು ಒಂದು ಮುದ್ರಣ ಕಂಪನಿ ಅನುಮತಿಯಿಲ್ಲದೆ 85,000 ಪ್ರತಿ ಅಚ್ಚು ಹಾಕಿತ್ತು. ಫೋಟೋ ಎಂಬುದು ಯಂತ್ರ ಯಾಂತ್ರಿಕವಾಗಿ ತೆಗೆದ ನಕಲು, ಅದಕ್ಕೆ ಕರ್ತೃ ಎಂಬುವನು ಎಲ್ಲಿದ್ದಾನೆ ಎಂದು ಕಂಪನಿ ವಾದಿಸಿತು. ನ್ಯಾಯಾಲಯ ಹುಡುಕಿದ್ದು ಸರೋನಿ ಮಾಡಿದ ಆಯ್ಕೆಗಳನ್ನು: ವೈಲ್ಡ್ ಹೇಗೆ ಕೂರಬೇಕು, ಏನು ಉಡಬೇಕು, ಹಿಂದಿನ ಪರದೆ ಹೇಗಿರಬೇಕು, ಬೆಳಕು ಎಲ್ಲಿ ಬೀಳಬೇಕು, ಮುಖದಲ್ಲಿ ಯಾವ ಭಾವ ಮೂಡಬೇಕು. ಇವೆಲ್ಲವನ್ನೂ ನಿರ್ಧರಿಸಿದವನು ಸರೋನಿ, ಆದ್ದರಿಂದ ಚಿತ್ರ ಅವನದು ಎಂದು ತೀರ್ಪು ಬಂತು. ಗುಂಡಿ ಒತ್ತುವುದು ಎಷ್ಟು ಸುಲಭ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಆಧುನಿಕ ತಂತ್ರಜ್ಞಾನ ಮನುಷ್ಯನ ಸೃಜನಶೀಲತೆಯನ್ನು ಕೊಲ್ಲುತ್ತದೆಯೋ ಬೆಳೆಸುತ್ತದೆಯೋ ಎಂಬ ಚರ್ಚೆ ಬಹುಪಾಲು ಶ್ರಮದ ಸುತ್ತಲೇ ಗಿರಕಿ ಹೊಡೆಯುತ್ತದೆ. ಸುಲಭವಾಯಿತು ಎಂದು ಒಂದು ಗುಂಪು ಸಂಭ್ರಮಿಸುತ್ತದೆ, ಸುಲಭವಾಯಿತು ಎಂದೇ ಇನ್ನೊಂದು ಗುಂಪು ಶೋಕಿಸುತ್ತದೆ. ನನಗೆ ಇಬ್ಬರೂ ತಪ್ಪು ಜಾಗ ಅಗೆಯುತ್ತಿರುವಂತೆ ಕಾಣುತ್ತದೆ. ಒಂದು ಉಪಕರಣ ಎಷ್ಟು ಶ್ರಮ ಉಳಿಸಿತು ಎಂಬುದಕ್ಕಿಂತ, ಅದು ಬಂದ ಮೇಲೆ ಎಷ್ಟು ಆಯ್ಕೆಗಳು ಬಳಸುವವನ ಕೈಯಲ್ಲಿ ಉಳಿದವು ಎಂದು ಕೇಳಿದರೆ ಹಳೆಯ ಯಂತ್ರಗಳಿಗೂ ಇಂದಿನ ಎಐಗೂ ಇರುವ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಹಳೆಯ ಭಯಗಳ ಲೆಕ್ಕ

ಡಾಗೆರ್‌ನ ಛಾಯಾಗ್ರಹಣ ವಿಧಾನ 1839ರಲ್ಲಿ ಬಹಿರಂಗವಾಯಿತು. ಇಪ್ಪತ್ತು ವರ್ಷ ಕಳೆದ ಮೇಲೂ ಫ್ರೆಂಚ್ ಕವಿ ಬೋದಿಲೇರ್‌ಗೆ ಅದರ ಮೇಲಿನ ಸಿಟ್ಟು ಇಳಿದಿರಲಿಲ್ಲ. 1859ರ ಕಲಾಪ್ರದರ್ಶನದ ವಿಮರ್ಶೆಯಲ್ಲಿ, ಛಾಯಾಗ್ರಹಣವೆಂದರೆ ಚಿತ್ರಕಲೆಯಲ್ಲಿ ಸೋತವರು ಹೋಗಿ ಸೇರುವ ಜಾಗ ಎಂದು ಮೂಗು ಮುರಿದ. ಅಂಗೈಯಗಲದ ಭಾವಚಿತ್ರ ಬರೆದು ಬದುಕುತ್ತಿದ್ದ ಕಲಾವಿದರ ಕಸುಬು ಕೆಲವೇ ದಶಕಗಳಲ್ಲಿ ನಿಜವಾಗಿಯೂ ಮುಳುಗಿತು. ಅವರಲ್ಲಿ ಕೆಲವರು ತಾವೇ ಕ್ಯಾಮೆರಾ ಹಿಡಿದರು, ಕೆಲವರು ಫೋಟೋಗಳಿಗೆ ಬಣ್ಣ ತುಂಬುವ ಕೆಲಸಕ್ಕೆ ಇಳಿದರು. ಈ ನಷ್ಟವನ್ನು ಮರೆತು ‘ಕಲೆ ಹೇಗೂ ಉಳಿಯಿತಲ್ಲ’ ಎನ್ನುವವರನ್ನು ಕಂಡರೆ ನನಗೆ ಕಿರಿಕಿರಿಯಾಗುತ್ತದೆ. ಕಲೆ ಉಳಿಯಿತು, ಆ ಕಲಾವಿದರ ಅನ್ನ ಉಳಿಯಲಿಲ್ಲ.

ಆದರೂ ಅದೇ ಕಾಲದಲ್ಲಿ ಇನ್ನೊಂದು ಚಿಕ್ಕ ಆವಿಷ್ಕಾರ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡಿದರೆ ಬಣ್ಣ ಹೊರಬರುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೆ ಮುಂಚೆ ಎಣ್ಣೆಬಣ್ಣವನ್ನು ಅರೆದು, ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡಬೇಕಿತ್ತು. ಒಮ್ಮೆ ಚುಚ್ಚಿದರೆ ಬಣ್ಣ ಒಣಗತೊಡಗುತ್ತಿತ್ತು. ಟ್ಯೂಬು ಬಂದಮೇಲೆ ಚಿತ್ರಕಾರರು ಬಯಲಿಗೆ ಹೋಗಿ, ಬೆಳಕು ಬದಲಾಗುತ್ತಿರುವಂತೆಯೇ ಬರೆಯುವುದು ಸಾಧ್ಯವಾಯಿತು. ಇದ್ದದ್ದನ್ನು ಇದ್ದಂತೆ ತೋರಿಸುವ ಹೊಣೆಯನ್ನು ಕ್ಯಾಮೆರಾ ಹೊತ್ತುಕೊಂಡಿತ್ತು, ಟ್ಯೂಬು ಕಾಲಿನ ಕಟ್ಟು ಬಿಚ್ಚಿತ್ತು. 1874ರಲ್ಲಿ ಮೋನೆ, ರೆನ್ವಾ, ದೆಗಾ ಮೊದಲಾದ ಚಿತ್ರಕಾರರು ಪ್ಯಾರಿಸ್‌ನಲ್ಲಿ ತಮ್ಮ ಮೊದಲ ಗುಂಪು ಪ್ರದರ್ಶನ ಏರ್ಪಡಿಸಿದ ಸ್ಥಳ ಯಾವುದು ಗೊತ್ತೇ? ನಾದಾರ್ ಎಂಬ ಪ್ರಸಿದ್ಧ ಛಾಯಾಗ್ರಾಹಕನ ಹಳೆಯ ಸ್ಟುಡಿಯೋ.

ಸಂಗೀತದ ಕಥೆ ಇನ್ನೂ ಸ್ವಾರಸ್ಯಕರ. 1906ರಲ್ಲಿ ಅಮೆರಿಕದ ಬ್ಯಾಂಡ್ ಸಂಯೋಜಕ ಜಾನ್ ಫಿಲಿಪ್ ಸೂಸ, ಗ್ರಾಮಫೋನಿನಂಥ ‘ಯಂತ್ರ ಸಂಗೀತ’ದ ವಿರುದ್ಧ ಉರಿದುಬಿದ್ದು ಲೇಖನ ಬರೆದ. ಮನೆಯಲ್ಲಿ ವಾದ್ಯ ಕಲಿಯುವವರು ಕಡಿಮೆಯಾಗಿ, ಕೂತು ಕೇಳುವವರಷ್ಟೇ ಉಳಿಯುತ್ತಾರೆ ಎಂಬುದು ಅವನ ಆತಂಕ. ಇವನನ್ನು ಗೇಲಿ ಮಾಡುವುದು ಸುಲಭ. ಆದರೆ ಹಾಡುವವರಿಗಿಂತ ಕೇಳುವವರೇ ಹೆಚ್ಚಾದ ಜಗತ್ತಿನಲ್ಲೇ ನಾವಿದ್ದೇವೆ. ಸೂಸ ಪೂರ್ತಿ ತಪ್ಪು ಹೇಳಿರಲಿಲ್ಲ. ಅವನ ಊಹೆಗೆ ನಿಲುಕದ್ದು ಮುಂದಿನ ಬೆಳವಣಿಗೆ: ಧ್ವನಿಮುದ್ರಣವೇ ಒಂದು ವಾದ್ಯವಾಗಿಬಿಡಬಹುದು ಎಂಬುದು.

1980ರಲ್ಲಿ ಜಪಾನಿನ ರೋಲಂಡ್ ಕಂಪನಿ ಟಿಆರ್-808 ಎಂಬ ತಾಳಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ನಿಜವಾದ ಡ್ರಮ್ಮಿನ ಧ್ವನಿಯನ್ನು ಮುದ್ರಿಸಿ ತುಂಬಿಡುವಷ್ಟು ಮೆಮೊರಿ ಆಗ ದುಬಾರಿ. ಹಾಗಾಗಿ ವಿದ್ಯುನ್ಮಂಡಲಗಳಿಂದಲೇ ಸದ್ದು ಹುಟ್ಟಿಸುವ ಉಪಾಯ ಮಾಡಿದರು. ಫಲಿತಾಂಶ ಡ್ರಮ್ಮಿನಂತೆ ಕೇಳಿಸಲೇ ಇಲ್ಲ. ವೃತ್ತಿಪರರು ಸೊಪ್ಪು ಹಾಕಲಿಲ್ಲ. ಸುಮಾರು 12,000 ಯಂತ್ರಗಳಾದ ಮೇಲೆ 1983ರಲ್ಲಿ ತಯಾರಿಕೆ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಬಿದ್ದಿದ್ದ ಈ ಯಂತ್ರಗಳು, ದುಬಾರಿ ಉಪಕರಣ ಕೊಳ್ಳಲಾಗದ ಹಿಪ್‌ಹಾಪ್ ಮತ್ತು ಎಲೆಕ್ಟ್ರಾನಿಕ್ ಸಂಗೀತದ ಹುಡುಗರ ಕೈಸೇರಿದವು. ಡ್ರಮ್ಮಿನಂತಿಲ್ಲ ಎಂದು ತಳ್ಳಿಹಾಕಿದ ಅದೇ ಗುಮ್ಮೆನ್ನುವ ತಳಧ್ವನಿ ಅವರಿಗೆ ಹಿಡಿಸಿತು. ಇಂದು ಜಗತ್ತಿನ ಜನಪ್ರಿಯ ಸಂಗೀತದಲ್ಲಿ ಅದರ ನೆರಳು ಬೀಳದ ಮೂಲೆ ಕಡಿಮೆ.

ಆಟೋಟ್ಯೂನ್‌ದೂ ಹೆಚ್ಚುಕಡಿಮೆ ಇದೇ ಕಥೆ. ತೈಲ ಹುಡುಕಲು ಭೂಮಿಯೊಳಕ್ಕೆ ಕಳಿಸಿದ ತರಂಗಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್, ಅದೇ ಗಣಿತವನ್ನು ಗಾಯಕರ ಶ್ರುತಿ ತಿದ್ದಲು ಬಳಸಿ 1997ರಲ್ಲಿ ಅದನ್ನು ಹೊರತಂದ. ತಿದ್ದಿದ್ದು ಕೇಳುಗರಿಗೆ ಗೊತ್ತಾಗಬಾರದು ಎಂಬುದು ಅದರ ಉದ್ದೇಶ. ಮರುವರ್ಷವೇ ಪಾಪ್ ಗಾಯಕಿ ಶೆರ್‌ಳ ನಿರ್ಮಾಪಕರು ತಿದ್ದುವ ವೇಗವನ್ನು ಮಿತಿಮೀರಿ ಏರಿಸಿ, ಗೊತ್ತಾಗುವಂತೆಯೇ ಬಳಸಿದರು. ಲೋಹದಂತೆ ಮುರಿದು ಮುರಿದು ಹೊಮ್ಮುವ ಆ ಕಂಠ ಒಂದು ಶೈಲಿಯಾಯಿತು.

ಯಂತ್ರ ತಯಾರಿಸಿದವರು ಬಯಸಿದ್ದಕ್ಕೆ ವಿರುದ್ಧವಾಗಿ ಅದನ್ನು ಬಳಸಿದಾಗಲೇ ಇವೆರಡರಲ್ಲೂ ಹೊಸತು ಹುಟ್ಟಿತು. ಹಾಗೆ ಬಳಸಲು ಯಂತ್ರ ಬಿಟ್ಟುಕೊಟ್ಟಿತ್ತು ಎಂಬುದೂ ಮುಖ್ಯ. ಕ್ಯಾಮೆರಾ ಕೂಡ ಹೀಗೆಯೇ. ಅದು ಕೈಯ ಕೆಲಸ ತೆಗೆದುಕೊಂಡು ಕಣ್ಣಿನ ಕೆಲಸವನ್ನು ಮನುಷ್ಯನಿಗೇ ಬಿಟ್ಟಿತು. ಯಾವಾಗ, ಎಲ್ಲಿಂದ, ಯಾವುದನ್ನು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವವನು ಛಾಯಾಗ್ರಾಹಕನೇ ಆಗಿದ್ದ.

ಕೇಳದೆಯೇ ಆಗುವ ಆಯ್ಕೆಗಳು

ಈಗಿನ ಎಐ ಬೇರೆಯಾಗುವುದು ಇಲ್ಲಿ. ‘ಮಳೆಯಲ್ಲಿ ನಿಂತ ಮುದುಕ’ ಎಂದು ಮೂರು ಪದ ಕೊಟ್ಟರೆ ಅದು ಚಿತ್ರ ಕೊಡುತ್ತದೆ. ಮುದುಕ ಚಿತ್ರದ ಎಡಕ್ಕೋ ಬಲಕ್ಕೋ, ಬೆಳಕು ಮುಂದಿನಿಂದಲೋ ಹಿಂದಿನಿಂದಲೋ, ಕೈಯಲ್ಲಿ ಕೊಡೆಯಿದೆಯೋ ಇಲ್ಲವೋ, ಅವನು ಯಾರಿಗಾದರೂ ಕಾಯುತ್ತಿದ್ದಾನೋ ಸುಮ್ಮನೆ ನಿಂತಿದ್ದಾನೋ ಎಂಬ ನೂರಾರು ಪ್ರಶ್ನೆಗಳು ನಮ್ಮ ಮುಂದೆ ಬರುವುದೇ ಇಲ್ಲ. ಕೇಳದೆಯೇ ಅವಕ್ಕೆ ಉತ್ತರ ಸಿಕ್ಕಿಬಿಟ್ಟಿರುತ್ತದೆ. ಸರೋನಿ ನಿರ್ಧರಿಸಿದ್ದನ್ನೆಲ್ಲ ಇಲ್ಲಿ ಯಂತ್ರ ನಿರ್ಧರಿಸುತ್ತದೆ.

ಯಾವ ಆಧಾರದಲ್ಲಿ? ಚಾಟ್‌ಜಿಪಿಟಿಯಂಥ ಭಾಷಾ ಮಾದರಿಯೊಂದು ಅಪಾರ ಪ್ರಮಾಣದ ಬರಹವನ್ನು ಓದಿ, ಇಂಥ ಪದಗಳ ನಂತರ ಇಂಥ ಪದ ಬರುವ ಸಂಭವ ಎಷ್ಟು ಎಂದು ಕಲಿತಿರುತ್ತದೆ. ಬರೆಯುವಾಗ ಆ ಸಂಭವದ ಪಟ್ಟಿಯಿಂದ ಒಂದೊಂದೇ ತುಣುಕನ್ನು ಆರಿಸುತ್ತ ಹೋಗುತ್ತದೆ. ಚಿತ್ರ ಬರೆಯುವ ಮಾದರಿಗಳು ಬರೀ ಚುಕ್ಕಿಗಳ ಗದ್ದಲದಿಂದ ಶುರುಮಾಡಿ, ಹಂತಹಂತವಾಗಿ ಗದ್ದಲ ತೆಗೆಯುತ್ತ ಚಿತ್ರಕ್ಕೆ ಬರುತ್ತವೆ. ನಾವು ಹೇಳದೆ ಬಿಟ್ಟ ಪ್ರತಿಯೊಂದನ್ನೂ ಇವು ತುಂಬುವುದು ತಾವು ಕಂಡದ್ದರಲ್ಲಿ ಹೆಚ್ಚು ಸಾಮಾನ್ಯವಾದದ್ದರಿಂದ. ಆಯ್ಕೆಯಲ್ಲಿ ಆಕಸ್ಮಿಕದ ಪಾಲನ್ನು ಹೆಚ್ಚಿಸುವ ತಿರುಪು ಇದೆ ನಿಜ; ಹೆಚ್ಚು ತಿರುಗಿಸಿದರೆ ಬರುವುದು ಅಸಂಬದ್ಧ ಮಾತು. ಇದರ ಮೇಲೆ ಇನ್ನೊಂದು ಹಂತವಿದೆ. ಜನರು ಯಾವ ಉತ್ತರವನ್ನು ಮೆಚ್ಚಿದರು ಎಂದು ನೋಡಿ ಮಾದರಿಯನ್ನು ಮತ್ತೆ ಪಳಗಿಸುತ್ತಾರೆ. ಬೈಗುಳ, ಅಪಾಯಕಾರಿ ಮಾತು ತಗ್ಗುವುದು ಇದರಿಂದಲೇ. ಅದರ ಜೊತೆಗೇ ವಿಚಿತ್ರವಾದದ್ದು, ಒರಟಾದದ್ದು, ಮೊದಲ ನೋಟಕ್ಕೆ ಹಿಡಿಸದ್ದು ಕೂಡ ಸವೆಯುತ್ತದೆ. 2021–22ರ ಚಿತ್ರಮಾದರಿಗಳು ಬರೆಯುತ್ತಿದ್ದ ಆರು ಬೆರಳಿನ ಕೈಗಳು, ಕರಗಿದ ಮುಖಗಳು ಈಗಿನ ನುಣುಪಾದ ಚಿತ್ರಗಳಿಗಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತಿದ್ದವು ಎಂದರೆ ಕೆಲವರು ನಗಬಹುದು. 808ರ ದೋಷ ಕಲಾವಿದರ ಕೈಸೇರುವಷ್ಟು ಕಾಲ ಬದುಕಿತ್ತು. ಎಐಯ ದೋಷವನ್ನು ಮುಂದಿನ ಆವೃತ್ತಿಯೇ ಅಳಿಸಿಹಾಕುತ್ತದೆ.

ಹಾಗಾದರೆ ಯಂತ್ರದಿಂದ ಹೊಸತು ಬರಲಾರದೇ? 1843ರಲ್ಲಿ ಬ್ರಿಟನ್ನಿನ ಗಣಿತಜ್ಞೆ ಏಡಾ ಲವ್‌ಲೇಸ್, ಬ್ಯಾಬೇಜ್‌ನ ಗಣಕಯಂತ್ರದ ಬಗ್ಗೆ ಬರೆದ ಟಿಪ್ಪಣಿಯಲ್ಲಿ, ಯಂತ್ರ ತಾನಾಗಿ ಏನನ್ನೂ ಹುಟ್ಟುಹಾಕುವ ಹಮ್ಮು ಇಟ್ಟುಕೊಂಡಿಲ್ಲ, ನಾವು ಹೇಳಿಕೊಟ್ಟದ್ದನ್ನಷ್ಟೇ ಮಾಡಬಲ್ಲದು ಎಂದಿದ್ದಳು. ಆ ಮಾತನ್ನು ಇಂದಿಗೂ ಬ್ರಹ್ಮಾಸ್ತ್ರದಂತೆ ಬಳಸುವವರಿದ್ದಾರೆ. 2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ನಡೆದದ್ದನ್ನು ನೋಡಿದರೆ ಅದು ಅಷ್ಟು ಸಲೀಸಲ್ಲ ಎನಿಸುತ್ತದೆ. ಹಲಗೆಯ ಮೇಲೆ ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಆಡುವ ಗೋ ಆಟದ ದಿಗ್ಗಜ ಲೀ ಸೆಡಾಲ್ ಎದುರು ಎರಡನೆಯ ಪಂದ್ಯದಲ್ಲಿ ಆಲ್ಫಾಗೋ ತಂತ್ರಾಂಶ ಇಟ್ಟ 37ನೆಯ ನಡೆ ವೀಕ್ಷಕ ವಿವರಣೆಗಾರರಿಗೆ ಮೊದಲು ತಪ್ಪಿನಂತೆ ಕಂಡಿತು. ಮನುಷ್ಯನೊಬ್ಬ ಆ ನಡೆ ಇಡುವ ಸಂಭವ ಹತ್ತು ಸಾವಿರದಲ್ಲಿ ಒಂದು ಎಂದು ತಂತ್ರಾಂಶವೇ ಲೆಕ್ಕ ಹಾಕಿತ್ತು. ಆಟವನ್ನು ತಿರುಗಿಸಿದ್ದು ಆ ನಡೆಯೇ. ಸರಣಿಯನ್ನು 4–1ರಿಂದ ಯಂತ್ರ ಗೆದ್ದಿತು. ಲೀ ಗೆದ್ದ ಏಕೈಕ ಪಂದ್ಯದಲ್ಲಿ ಅವರು ಇಟ್ಟ 78ನೆಯ ನಡೆಯೂ ಅಷ್ಟೇ ಅಪರೂಪದ್ದು.

ಸೃಜನಶೀಲತೆಯ ಬಗ್ಗೆ ದಶಕಗಳ ಕಾಲ ಚಿಂತಿಸಿದ ಬ್ರಿಟನ್ನಿನ ಮಾರ್ಗರೆಟ್ ಬೋಡನ್ ಅದನ್ನು ಮೂರು ಬಗೆಯಾಗಿ ನೋಡಿದರು: ಇರುವ ಸಂಗತಿಗಳನ್ನು ಹೊಸದಾಗಿ ಜೋಡಿಸುವುದು, ಒಂದು ಶೈಲಿಯ ನಿಯಮಗಳೊಳಗೆ ಇನ್ನೂ ಯಾರೂ ಹೋಗದ ಮೂಲೆಗೆ ಹೋಗುವುದು, ನಿಯಮವನ್ನೇ ಬದಲಿಸುವುದು. 37ನೆಯ ನಡೆ ಎರಡನೆಯ ಬಗೆಯದು, ಅದೂ ಬೆರಗುಗೊಳಿಸುವಂಥದ್ದು. ಅದು ಸಾಧ್ಯವಾದದ್ದಕ್ಕೆ ಒಂದು ಕಾರಣವಿದೆ. ಗೋ ಆಟದಲ್ಲಿ ಗೆಲುವು ಸೋಲು ಸ್ಪಷ್ಟ. ಆಲ್ಫಾಗೋ ತನ್ನೊಂದಿಗೇ ಲಕ್ಷಾಂತರ ಆಟ ಆಡಿ, ಮನುಷ್ಯರು ಮೆಚ್ಚಲಿ ಬಿಡಲಿ, ಗೆಲ್ಲಿಸುವ ನಡೆ ಯಾವುದೆಂದು ಪರೀಕ್ಷಿಸಿಕೊಳ್ಳಬಲ್ಲದು. ಒಂದು ಕವಿತೆ ಗೆದ್ದಿತೆಂದು ಹೇಳುವ ಅಂಕಪಟ್ಟಿ ಎಲ್ಲಿದೆ? ಅಲ್ಲಿರುವುದು ಜನರ ಮೆಚ್ಚುಗೆ ಮಾತ್ರ. ಮೆಚ್ಚುಗೆಯನ್ನೇ ಗುರಿಯಾಗಿಟ್ಟು ಪಳಗಿದ ಯಂತ್ರ ಈಗಾಗಲೇ ಮೆಚ್ಚಿದ್ದರ ಕಡೆಗೇ ವಾಲುತ್ತದೆ. ಆಟದಲ್ಲಿ ಬೆರಗು ಹುಟ್ಟಿಸಿದ ತಂತ್ರಜ್ಞಾನ ಕಥೆಯಲ್ಲಿ ಸಪ್ಪೆಯಾಗುವುದಕ್ಕೆ ಇದು ಮುಖ್ಯ ಕಾರಣ ಎಂಬುದು ನನ್ನ ಅಂದಾಜು.

ಗೋ ಆಟಗಾರರಿಗೆ ಆಮೇಲೆ ಏನಾಯಿತು ಎಂಬುದನ್ನೂ ಹೇಳಬೇಕು. ಸೋಲಿಸಲಾಗದ ಅಸ್ತಿತ್ವವೊಂದು ಬಂದಿದೆ ಎಂದು ಲೀ ಸೆಡಾಲ್ 2019ರಲ್ಲಿ ನಿವೃತ್ತರಾದರು. ಆದರೆ 1950ರಿಂದ 2021ರವರೆಗಿನ 58 ಲಕ್ಷಕ್ಕೂ ಹೆಚ್ಚು ನಡೆಗಳನ್ನು ವಿಶ್ಲೇಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದೇ ಚಿತ್ರ ಕೊಡುತ್ತದೆ. ದಶಕಗಳಿಂದ ಹೆಚ್ಚುಕಡಿಮೆ ಅಲ್ಲಲ್ಲೇ ಇದ್ದ ಮನುಷ್ಯರ ಆಟದ ಗುಣಮಟ್ಟ ಯಂತ್ರ ಬಂದಮೇಲೆ ಏರಿತು. ಹಿಂದೆ ಯಾರೂ ಇಡದ ನಡೆಗಳೂ ಹೆಚ್ಚಾದವು. ಆಟಗಾರರು ಯಂತ್ರವನ್ನು ಬಳಸಿದ ರೀತಿ ಇದಕ್ಕೆ ಕಾರಣವಿರಬೇಕು. ಪಂದ್ಯದ ಹೊತ್ತಿನಲ್ಲಿ ಅದನ್ನು ಕೇಳುವ ಹಾಗಿಲ್ಲ. ಅಭ್ಯಾಸದಲ್ಲಿ ಅದರೊಂದಿಗೆ ಗುದ್ದಾಡಿ, ಹಲಗೆಯ ಮುಂದೆ ಕೂತಾಗ ತಾವೇ ಆರಿಸಬೇಕು.

ಒಬ್ಬನಿಗೆ ಲಾಭ, ಗುಂಪಿಗೆ ನಷ್ಟ

ಬರವಣಿಗೆಯಲ್ಲಿ ಅಂಥ ನಿಯಮವಿಲ್ಲ. 2024ರಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಇಡೀ ಚರ್ಚೆಯ ನಡುಗಂಬ ಎಂದು ನಾನು ಎಣಿಸುತ್ತೇನೆ. ಸುಮಾರು 300 ಜನರಿಗೆ ಎಂಟು ವಾಕ್ಯಗಳ ಪುಟ್ಟ ಕಥೆ ಬರೆಯಲು ಹೇಳಿದರು. ಕೆಲವರು ತಾವೇ ಬರೆದರು, ಕೆಲವರು ಎಐ ಕೊಟ್ಟ ಒಂದು ಹೊಳಹನ್ನು ನೋಡಬಹುದಿತ್ತು, ಕೆಲವರು ಐದರವರೆಗೆ. ಯಾರು ಹೇಗೆ ಬರೆದರೆಂದು ತಿಳಿಯದ ಓದುಗರು ಅಂಕ ಕೊಟ್ಟರು. ಹೊಳಹು ಪಡೆದವರ ಕಥೆಗಳು ಹೆಚ್ಚು ಹೊಸತಾಗಿ, ಹೆಚ್ಚು ಚೆನ್ನಾಗಿ ಕಂಡವು. ಸೃಜನಶೀಲತೆಯ ಪರೀಕ್ಷೆಯಲ್ಲಿ ಹಿಂದಿದ್ದವರಿಗೆ ಲಾಭ ಇನ್ನೂ ಜಾಸ್ತಿ. ಇಲ್ಲಿಗೆ ನಿಲ್ಲಿಸಿದರೆ ಸಂಭ್ರಮದ ಸುದ್ದಿ. ಆದರೆ ಆ ಕಥೆಗಳನ್ನೆಲ್ಲ ಒಟ್ಟಿಗೆ ಇಟ್ಟು ಹೋಲಿಸಿದಾಗ, ಎಐ ನೆರವು ಪಡೆದವು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು.

ಈ ಫಲಿತಾಂಶದ ತೊಡಕು ಏನೆಂದರೆ, ಇಲ್ಲಿ ಯಾರೂ ತಪ್ಪು ಮಾಡುತ್ತಿಲ್ಲ. ಪ್ರತಿಯೊಬ್ಬನ ಕಥೆಯೂ ಅವನು ಒಂಟಿಯಾಗಿ ಬರೆಯುತ್ತಿದ್ದುದಕ್ಕಿಂತ ಚೆನ್ನಾಗಿಯೇ ಇದೆ. ನೆರವು ಬೇಡವೆನ್ನಲು ಅವನಿಗೆ ಕಾರಣವೇ ಇಲ್ಲ. ಎಲ್ಲರೂ ಒಂದೇ ಬಾವಿಯಿಂದ ನೀರು ಸೇದಿದಾಗ ಪೈರೆಲ್ಲ ಒಂದೇ ರುಚಿಯಾಗುತ್ತದೆ. ಯಾವ ಒಂದು ಹೊಲದಲ್ಲಿ ನಿಂತರೂ ಅದು ಗೊತ್ತಾಗುವುದಿಲ್ಲ. ವೈವಿಧ್ಯ ಕುಗ್ಗುವುದನ್ನು ಒಬ್ಬ ಲೇಖಕ ತನ್ನ ಮೇಜಿನಿಂದ ಕಾಣಲಾರ. ಸಾವಿರಾರು ಬರಹಗಳನ್ನು ಒಟ್ಟಿಗೆ ಓದುವ ಸಂಪಾದಕನೋ ಶಿಕ್ಷಕನೋ ಮಾತ್ರ ಕಾಣಬಲ್ಲ.

ಬಾವಿ ಯಾರ ಊರಿನದು ಎಂಬುದೂ ಮುಖ್ಯ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತ ಮತ್ತು ಅಮೆರಿಕದ 118 ಜನರಿಂದ ಇಂಗ್ಲಿಷಿನಲ್ಲಿ ಬರೆಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೆಯುತ್ತಿದ್ದಂತೆ ಮುಂದಿನ ಪದಗಳನ್ನು ಸೂಚಿಸುವ ಎಐ ಕೊಟ್ಟಾಗ ಭಾರತೀಯರ ಬರಹ ಅಮೆರಿಕನ್ನರ ಬರಹದ ಹತ್ತಿರಕ್ಕೆ ಸರಿಯಿತು. ಸೂಚನೆಗಳನ್ನು ಹೆಚ್ಚಾಗಿ ಒಪ್ಪಿಕೊಂಡವರು ಭಾರತೀಯರೇ, ಅವನ್ನು ಹೆಚ್ಚಾಗಿ ತಿದ್ದಬೇಕಾಗಿ ಬಂದದ್ದೂ ಅವರಿಗೇ. ಸಮಯದ ಉಳಿತಾಯವಾದದ್ದು ಅಮೆರಿಕನ್ನರಿಗಿಂತ ಕಡಿಮೆ. ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಗಳ ಪಾಡು ಇದಕ್ಕಿಂತ ಬಿಗಿಯಾದೀತು. ಅಲ್ಲಿ ಯಂತ್ರ ತನಗೆ ಗೊತ್ತಿಲ್ಲದ್ದನ್ನು ದೊಡ್ಡ ಭಾಷೆಯ ವಾಕ್ಯದ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ. ವ್ಯಾಕರಣ ಸರಿಯಿರುತ್ತದೆ, ಆ ಭಾಷೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ.

ಎಐ ಬಳಸಿದರೆ ಮೆದುಳು ಮಂಕಾಗುತ್ತದೆ ಎಂಬ ಶೀರ್ಷಿಕೆಗಳನ್ನು 2025ರಲ್ಲಿ ಎಲ್ಲೆಲ್ಲೂ ನೋಡಿದೆವು. ಅದರ ಮೂಲ ಎಂಐಟಿ ಮೀಡಿಯಾ ಲ್ಯಾಬ್‌ನ ಒಂದು ಅಧ್ಯಯನ. ಭಾಗವಹಿಸಿದವರು 54 ಜನ. ಶೀರ್ಷಿಕೆಗಳು ಹಬ್ಬಿದ ಹೊತ್ತಿಗೆ ಅದಿನ್ನೂ ತಜ್ಞರ ಪರಿಶೀಲನೆಗೆ ಒಳಪಟ್ಟಿರಲಿಲ್ಲ. ಚಾಟ್‌ಜಿಪಿಟಿ ಬಳಸಿ ಪ್ರಬಂಧ ಬರೆದವರಲ್ಲಿ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಕಡಿಮೆ ಕಂಡಿತು, ಈಗಷ್ಟೇ ‘ಬರೆದ’ ಪ್ರಬಂಧದ ವಾಕ್ಯವನ್ನು ನೆನಪಿಸಿಕೊಳ್ಳಲು ಅವರು ತಡವರಿಸಿದರು. ಇಷ್ಟರಿಂದ ಮಂಕು ಕವಿಯಿತೆನ್ನುವುದು ಅತಿಯಾಯಿತು. ಬೇರೆಯವರು ಬರೆದ ವಾಕ್ಯ ನೆನಪಿರದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಇನ್ನು ಪ್ರವಾಹದ ಮಾತು. 2023ರ ಫೆಬ್ರವರಿಯಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವೈಜ್ಞಾನಿಕ ಕಥೆಗಳ ಪತ್ರಿಕೆ, ಎಐಯಿಂದ ಬರೆಸಿ ಕಳಿಸಿದ ಕಥೆಗಳ ರಾಶಿ ತಾಳಲಾರದೆ ಕಥೆ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿತು. 2025ರ ನವೆಂಬರ್‌ನಲ್ಲಿ ಸಂಗೀತ ತಾಣ ಡೀಜರ್, ತನಗೆ ಬಂದು ಬೀಳುವ ಹಾಡುಗಳಲ್ಲಿ ಶೇ 34ರಷ್ಟು, ಅಂದರೆ ದಿನಕ್ಕೆ ಸುಮಾರು 50,000, ಪೂರ್ತಿ ಎಐ ನಿರ್ಮಿತ ಎಂದಿತು. ಅವುಗಳ ಪಾಲಿನ ಕೇಳುವಿಕೆ ಮಾತ್ರ ಒಟ್ಟು ಕೇಳುವಿಕೆಯ ಶೇ 0.5ರಷ್ಟು, ಅದರಲ್ಲೂ ಬಹುಪಾಲು ಹಣ ಹೊಡೆಯಲು ಯಂತ್ರಗಳಿಂದಲೇ ಮಾಡಿಸಿದ ಸುಳ್ಳು ಕೇಳುವಿಕೆ ಎಂಬುದು ಅದೇ ಕಂಪನಿಯ ಲೆಕ್ಕ. ಯಂತ್ರ ಹಾಡಿ ಯಂತ್ರವೇ ಕೇಳುವ ವ್ಯವಸ್ಥೆಗೆ ಸಂಗೀತ ಎಂಬ ಹೆಸರು ಯಾಕೆ ಬೇಕೋ ತಿಳಿಯದು. ಈ ರಾಶಿ ನಾಳಿನ ಮಾದರಿಗಳ ತರಬೇತಿಗೂ ಸೇರುತ್ತದೆ. ಒಂದು ಮಾದರಿಯ ಉತ್ಪನ್ನದಿಂದಲೇ ಮುಂದಿನದನ್ನು ತಲೆಮಾರು ತಲೆಮಾರಾಗಿ ತರಬೇತುಗೊಳಿಸಿದರೆ ಏನಾಗುತ್ತದೆ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತ್ತು: ಮೊದಲು ಅಳಿಯುವುದು ಅಪರೂಪದ್ದು. ಮನುಷ್ಯರ ಬರಹ ಬೆರೆತಿದ್ದರೆ ಈ ಕುಸಿತ ತಗ್ಗುತ್ತದೆ. ಅಂದರೆ ಯಂತ್ರಕ್ಕೂ ಮನುಷ್ಯನ ವಿಚಿತ್ರ ವಾಕ್ಯಗಳು ಬೇಕು.

ಕಾನೂನು ಎಲ್ಲಿ ಗೆರೆ ಎಳೆಯುತ್ತಿದೆ

ಕಾನೂನು ಮತ್ತೆ ಆಯ್ಕೆಯ ಪ್ರಶ್ನೆಗೇ ಬಂದು ನಿಂತಿದೆ. ತನ್ನ ಯಂತ್ರವೇ ಚಿತ್ರದ ಕರ್ತೃ ಎಂದು ವಾದಿಸಿದ ಸ್ಟೀಫನ್ ಥೇಲರ್ ಅವರ ಪ್ರಕರಣದಲ್ಲಿ, ಕರ್ತೃ ಮನುಷ್ಯನೇ ಆಗಿರಬೇಕು ಎಂದು 2025ರ ಮಾರ್ಚ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ, ಈಗಿನ ತಂತ್ರಜ್ಞಾನದಲ್ಲಿ ಪ್ರಾಂಪ್ಟ್, ಅಂದರೆ ಎಐಗೆ ಕೊಡುವ ಸೂಚನೆ, ಬರೆಯುವುದಷ್ಟೇ ಸಾಲದು, ಬಂದದ್ದನ್ನು ಆರಿಸಿ ಜೋಡಿಸಿ ಮಾರ್ಪಡಿಸಿದ್ದರೆ ಆ ಮಟ್ಟಿಗೆ ರಕ್ಷಣೆ ಸಿಗಬಹುದು ಎಂದಿತ್ತು. ಬೀಜಿಂಗ್‌ನ ಇಂಟರ್ನೆಟ್ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಬೇರೆ ದಾರಿ ಹಿಡಿದಿತ್ತು. ಪ್ರಾಂಪ್ಟ್‌ಗಳನ್ನು ಆರಿಸಿ, ಅಳತೆಗಳನ್ನು ಮತ್ತೆ ಮತ್ತೆ ಬದಲಿಸಿದ್ದರಲ್ಲಿ ಬಳಕೆದಾರನ ಬೌದ್ಧಿಕ ಶ್ರಮವಿದೆ ಎಂದು ಒಪ್ಪಿ, ಅವನ ಚಿತ್ರ ಕದ್ದವರು 500 ಯುವಾನ್ ಕೊಡಬೇಕೆಂದಿತು. 624 ಪ್ರಾಂಪ್ಟ್ ಬರೆದ ಅಲೆನ್ ಅಲ್ಲಿದ್ದಿದ್ದರೆ ಗೆಲ್ಲುತ್ತಿದ್ದರೇನೋ. ಎರಡರಲ್ಲಿ ನನಗೆ ಅಮೆರಿಕದ ನಿಲುವು ಹೆಚ್ಚು ಸರಿಯೆನಿಸುತ್ತದೆ. ಒಂದೇ ಪ್ರಾಂಪ್ಟನ್ನು ಎರಡು ಬಾರಿ ಕೊಟ್ಟರೆ ಎರಡು ಬೇರೆ ಚಿತ್ರ ಬರುವಾಗ, ಆ ಎರಡರ ನಡುವಿನ ವ್ಯತ್ಯಾಸವನ್ನು ಬಳಕೆದಾರ ಆರಿಸಿದ ಎನ್ನುವುದು ಹೇಗೆ?

ತರಬೇತಿಗೆ ಬಳಸಿದ ಪುಸ್ತಕಗಳ ಜಗಳ ಇದರಿಂದ ಬೇರೆ. ಎಐ ತಯಾರಿಸುವ ಆಂಥ್ರೊಪಿಕ್ ಕಂಪನಿಯ ವಿರುದ್ಧ ಲೇಖಕರು ಹೂಡಿದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶರು, ಪುಸ್ತಕಗಳಿಂದ ಮಾದರಿಯನ್ನು ತರಬೇತುಗೊಳಿಸುವುದು ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ ‘ನ್ಯಾಯಯುತ ಬಳಕೆ’, ಆದರೆ ಕದ್ದ ಪ್ರತಿಗಳ ಸಂಗ್ರಹ ಇಟ್ಟುಕೊಂಡದ್ದು ಹಾಗಲ್ಲ ಎಂದರು. ಬಳಿಕ ಕಂಪನಿ 150 ಕೋಟಿ ಡಾಲರ್‌ಗಳ ರಾಜಿಗೆ ಒಪ್ಪಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆಗಿಹೋದದ್ದಕ್ಕೆ ಇದು ಪರಿಹಾರ. ನಾಳೆ ಬರೆಯಬೇಕಾದವನಿಗೆ ಕೆಲಸ ಸಿಗುತ್ತದೆಯೇ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಆ ಉತ್ತರದ ಹತ್ತಿರಕ್ಕೆ ಹೋದವರು ಹಾಲಿವುಡ್‌ನ ಚಿತ್ರಕಥೆಗಾರರು. 2023ರ ಮೇ 2ರಿಂದ 148 ದಿನ ಮುಷ್ಕರ ಹೂಡಿ ಅವರು ಪಡೆದ ಕರಾರಿನಲ್ಲಿ ಎಐಯನ್ನು ನಿಷೇಧಿಸಿಲ್ಲ. ಬರಹಗಾರ ಬೇಕಿದ್ದರೆ ಕಂಪನಿಯ ಒಪ್ಪಿಗೆ ಪಡೆದು ಬಳಸಬಹುದು. ಬಳಸಲೇಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ. ಎಐ ಬರೆದದ್ದನ್ನು ತಿದ್ದಲು ಕೊಟ್ಟರೆ ಅದನ್ನು ಮುಂಚೆಯೇ ತಿಳಿಸಬೇಕು, ಆ ನೆಪದಲ್ಲಿ ಬರಹಗಾರನ ಸಂಭಾವನೆಯನ್ನಾಗಲಿ ಹೆಸರನ್ನಾಗಲಿ ತಗ್ಗಿಸುವಂತಿಲ್ಲ. ಮೊದಲ ಕರಡು ಯಾರದು ಎಂಬುದೇ ಇಡೀ ಜಗಳದ ಗಂಟು ಎಂದು ಅವರು ಸರಿಯಾಗಿ ಗುರುತಿಸಿದ್ದರು.

ಅನುವಾದಕರಿಗೆ ಈ ಗಂಟು ಎಐ ಭರಾಟೆಗೆ ಮುಂಚಿನಿಂದಲೂ ಗೊತ್ತು. ಯಂತ್ರ ಅನುವಾದ ಮಾಡಿದ್ದನ್ನು ಕೊಟ್ಟು ‘ಸ್ವಲ್ಪ ನೋಡಿಕೊಡಿ’ ಎನ್ನುವ ಕೆಲಸ ವರ್ಷಗಳಿಂದ ಹೆಚ್ಚುತ್ತಿದೆ, ಪೂರ್ಣ ಅನುವಾದಕ್ಕಿಂತ ಅದಕ್ಕೆ ದರ ಕಡಿಮೆ. ವಾಕ್ಯ ಎಲ್ಲಿಂದ ಶುರುವಾಗಬೇಕು, ಯಾವ ಪದ ಮುಂದೆ ಬರಬೇಕು, ಮೂಲದ ವ್ಯಂಗ್ಯವನ್ನು ಯಾವ ದನಿಯಲ್ಲಿ ಹೇಳಬೇಕು ಎಂಬುದೆಲ್ಲ ಆಗಲೇ ಮುಗಿದಿರುತ್ತದೆ. ಉಳಿದಿರುವುದು ತಪ್ಪು ಹೆಕ್ಕುವುದು. ಕಣ್ಣಮುಂದೆ ಒಂದು ವಾಕ್ಯ ಸಿದ್ಧವಾಗಿ ನಿಂತಿದ್ದರೆ ಬೇರೆ ವಾಕ್ಯ ಹೊಳೆಯುವುದೇ ಕಷ್ಟ. ಪೂರ್ತಿ ಅಳಿಸಿ ಹೊಸದಾಗಿ ಬರೆದರೆ ಆ ದರಕ್ಕೆ ಗಿಟ್ಟುವುದಿಲ್ಲ. ಕಸುಬು ಕಲಿಯುತ್ತಿರುವವರಿಗೆ ಇನ್ನೊಂದು ಪೆಟ್ಟು ಇದೆ. ಮಾರಾಟದ ಕರಪತ್ರ, ಬಳಕೆಯ ಕೈಪಿಡಿ, ಚಿಕ್ಕಪುಟ್ಟ ರೇಖಾಚಿತ್ರ, ಜಾಹೀರಾತಿನ ಕಂಠದಾನ ಇವುಗಳಲ್ಲಿ ಎಡವಿ ಎಡವಿಯೇ ಹೊಸಬರು ಪಳಗುತ್ತಿದ್ದರು. ಯಂತ್ರದ ಪಾಲಾಗುವುದರಲ್ಲಿ ಇವೇ ಮೊದಲು. ಚಿತ್ರಕಥೆಗಾರರ ಬೆನ್ನಿಗೆ ಸಾವಿರಾರು ಸದಸ್ಯರ ಸಂಘವಿತ್ತು, ಅವರು ಕೆಲಸ ನಿಲ್ಲಿಸಿದರೆ ಸ್ಟುಡಿಯೋಗಳು ನಿಲ್ಲುತ್ತಿದ್ದವು. ಮನೆಯಲ್ಲಿ ಒಬ್ಬರೇ ಕೂತು ಪದಕ್ಕಿಷ್ಟು ಎಂದು ದುಡಿಯುವ ಅನುವಾದಕರಿಗೆ, ಪುಟಕ್ಕಿಷ್ಟು ಎಂದು ಬರೆಯುವ ಚಿತ್ರಕಾರರಿಗೆ ಆ ಬಲವಿಲ್ಲ. ಮೊದಲ ಕರಡು ನಾನೇ ಮಾಡುತ್ತೇನೆ, ಅದಕ್ಕೆ ಪೂರ್ಣ ದರ ಕೊಡಿ ಎಂಬ ಒಂದು ಸಾಲನ್ನು ತಮ್ಮ ಕರಾರಿಗೆ ಸೇರಿಸಲು ಅವರು ಪ್ರತಿ ಗಿರಾಕಿಯೊಂದಿಗೂ ಒಬ್ಬೊಬ್ಬರಾಗಿಯೇ ವಾದಿಸಬೇಕು.